ವಾಲಿಯಾಗಿ ಕೂತು ಮಾತು ಕಲಿತದ್ದು

ಸಹಕಾರಿ ಸಂಘದಲ್ಲಿ ಕೆಲಸಕ್ಕಿರುವವನಿಗೆ ಮೈಕು ತಪ್ಪಿದ್ದಲ್ಲ. ಮಹಾಸಭೆಯಲ್ಲಿ ವರದಿ ಓದಬೇಕು, ಆಮೇಲೆ ಸದಸ್ಯರು ಎದ್ದು ನಿಂತು ಕೇಳಿದ್ದಕ್ಕೆ ಉತ್ತರ ಹೇಳಬೇಕು. ಓದುವುದು ಯಾರಿಗೂ ಬರುತ್ತದೆ. ಉತ್ತರ ಹೇಳುವುದನ್ನು ನಾನು ಕಲಿತದ್ದು ನಮ್ಮೂರ ದೇವಸ್ಥಾನದ ಚಾವಡಿಯಲ್ಲಿ, ತಾಳಮದ್ದಳೆಯ ವಾರದ ಕೂಟದಲ್ಲಿ.

ಬಯಲುಸೀಮೆಯವರಿಗಾಗಿ ಎರಡು ಮಾತು. ತಾಳಮದ್ದಳೆಯೂ ಯಕ್ಷಗಾನವೇ, ಆದರೆ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪ್ರಸಂಗದ, ಅಂದರೆ ಹಾಡಿನಲ್ಲಿ ಬರೆದ ಕಥೆಯ, ಪದ್ಯ ಹಾಡುತ್ತಾರೆ. ಚೆಂಡೆ, ಮದ್ದಳೆ ನಿಂತ ಕೂಡಲೇ ಪಂಚೆ, ಶಲ್ಯದಲ್ಲಿ ಕೂತ ಅರ್ಥಧಾರಿ ಅದನ್ನು ಪಾತ್ರದ ಮಾತಾಗಿ ಬೆಳೆಸುತ್ತಾನೆ. ಪದ್ಯ ಮಾತ್ರ ಬರೆದಿಟ್ಟದ್ದು, ‘ಅರ್ಥ’ ಎನ್ನುವ ಈ ಮಾತೆಲ್ಲ ಆಶು, ಕೂತಲ್ಲೇ ಹುಟ್ಟುವಂಥದ್ದು. ಮೇ ಕೊನೆಯ ಹೊತ್ತಿಗೆ ಬರುವ ಪತ್ತನಾಜೆಯ ದಿನ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚಿ ತಿರುಗಾಟ ಮುಗಿಸಿದ ಮೇಲೆ ಕರಾವಳಿಯ ಮಳೆಗಾಲ ಇಂಥ ಕೂಟಗಳದ್ದೇ.

ಹೊಸಬನಿಗೆ ಸಿಗುವುದು ದೂತ, ರಾವಣನ ಮಂತ್ರಿ ಪ್ರಹಸ್ತ, ಹೆಚ್ಚೆಂದರೆ ಲಕ್ಷ್ಮಣ. ಒಂದೂವರೆ ಗಂಟೆ ಕೇಳಿ ಎರಡು ನಿಮಿಷ ಮಾತಾಡುವ ಪಾತ್ರಗಳು. ಆದರೆ ಆ ಎರಡು ನಿಮಿಷ ಯಾವಾಗ ಬರುತ್ತದೆಂದು ಹೇಳಲಾಗದು, ಹಾಗಾಗಿ ಕಿವಿ ಮುಚ್ಚಿ ಕೂರುವ ಹಾಗಿಲ್ಲ. ಇನ್ನೊಂದು ಕಟ್ಟುಪಾಡು: ಅರ್ಥದಲ್ಲಿ ಇಂಗ್ಲಿಷ್ ನುಸುಳಬಾರದು. ಮನೆಯಲ್ಲಿ ತುಳು, ಕಚೇರಿಯಲ್ಲಿ ಅರ್ಧ ಇಂಗ್ಲಿಷು ಆಡುವ ನಾಲಿಗೆಗೆ ಇದು ಗಟ್ಟಿ ಲಗಾಮು. ‘ಆಕ್ಚುಲಿ’, ‘ಸೋ’, ‘ಬೇಸಿಕಲಿ’ ಹೋದ ಜಾಗದಲ್ಲಿ ಮೊದಮೊದಲು ಬರೀ ಮೌನ ಉಳಿಯಿತು. ಆ ಮೌನಕ್ಕೆ ಹೆದರುವುದು ನಿಂತದ್ದೇ ದೊಡ್ಡ ಲಾಭ. ಬೆಂಗಳೂರಿನ ಗೆಳೆಯನೊಬ್ಬ ಭಾಷಣ ಅಭ್ಯಾಸದ ಟೋಸ್ಟ್‌ಮಾಸ್ಟರ್ಸ್ ಕ್ಲಬ್ಬಿನ ಸಭೆಗೆ ಹೋಗುತ್ತಾನೆ. ಅಲ್ಲಿ ಇಂಥ ‘ಆ, ಊ’ಗಳನ್ನು ಎಣಿಸಲಿಕ್ಕೆಂದೇ ಒಬ್ಬರನ್ನು ಕೂರಿಸುತ್ತಾರೆ. ನಮ್ಮಲ್ಲಿ ಆ ಕೆಲಸವನ್ನು ಮುಂದಿನ ಸಾಲಿನ ಹಿರಿಯರು ಸಂಬಳವಿಲ್ಲದೆ ಮಾಡುತ್ತಾರೆ, ಸ್ವಲ್ಪ ಜೋರಾಗಿಯೇ.

ನಿಜವಾದ ಶಾಲೆ ತೆರೆದದ್ದು ವಾಲಿಯ ಪಾತ್ರ ಸಿಕ್ಕಾಗ. ಬಾಣ ತಿಂದು ಬಿದ್ದ ವಾಲಿ ರಾಮನನ್ನು ಪ್ರಶ್ನಿಸುವ ಭಾಗವೇ ಆ ಪ್ರಸಂಗದ ಜೀವ. ನಿನಗೂ ನನಗೂ ಹಗೆಯಿಲ್ಲ, ಇನ್ನೊಬ್ಬನೊಡನೆ ಹೋರಾಡುವಾಗ ಮರೆಯಿಂದ ಹೊಡೆದೆ, ಬೇಟೆ ಎನ್ನೋಣವೆಂದರೆ ಕಪಿಯ ಮಾಂಸ ತಿನ್ನುವಂಥದ್ದಲ್ಲ. ಈ ವಾದಗಳೆಲ್ಲ ವಾಲ್ಮೀಕಿಯಲ್ಲೇ ಇವೆ, ಯಾರೂ ಬಾಯಿಪಾಠ ಮಾಡಬಹುದು. ಕಷ್ಟವಿರುವುದು ಎದುರು ಕೂತ ರಾಮನಲ್ಲಿ. ಒಬ್ಬ ರಾಮ ‘ಇದು ಭರತನ ಆಳ್ವಿಕೆಯ ಭೂಮಿ, ದಂಡಿಸುವ ಅಧಿಕಾರ ನನಗುಂಟು’ ಎಂದು ರಾಜನೀತಿ ತೆಗೆಯುತ್ತಾನೆ. ಇನ್ನೊಬ್ಬ, ಮೃಗವನ್ನು ಮರೆಯಿಂದ ಹೊಡೆಯುವುದು ರಾಜರಿಗೆ ದೋಷವಲ್ಲ ಎನ್ನುತ್ತಾನೆ. ಮತ್ತೊಬ್ಬರಿದ್ದರು, ನಿವೃತ್ತ ಮೇಷ್ಟ್ರು. ನನ್ನ ಹತ್ತು ನಿಮಿಷದ ಆರ್ಭಟವನ್ನೆಲ್ಲ ಕೇಳಿ, ತಣ್ಣಗೆ ಒಂದೇ ಪ್ರಶ್ನೆ ಹಾಕಿದರು: ‘ರುಮೆ ಎಲ್ಲಿದ್ದಾಳೆ, ವಾಲಿ?’ ತಮ್ಮನ ಹೆಂಡತಿಯನ್ನು ಇಟ್ಟುಕೊಂಡವನ ಬಾಯಿಗೆ ಅದಕ್ಕಿಂತ ದೊಡ್ಡ ಬೀಗವಿಲ್ಲ.

ಅಲ್ಲಿಂದ ನಾನು ತಯಾರಿಯ ಕ್ರಮವನ್ನೇ ಬದಲಿಸಿದೆ. ಪುಟಗಟ್ಟಲೆ ಬರೆಯುವುದಿಲ್ಲ. ಪದ್ಯ ಬಾಯಿಗೆ ಬರುವಷ್ಟು ಓದುತ್ತೇನೆ, ಅರ್ಥದ ಕೊನೆಯ ವಾಕ್ಯ ಒಂದನ್ನು ಮನಸ್ಸಿನಲ್ಲಿ ಕಟ್ಟಿಕೊಳ್ಳುತ್ತೇನೆ. ಮೊದಲ ವಾಕ್ಯ ಎದುರಿನವರ ಕೊನೆಯ ಮಾತಿನಿಂದಲೇ ಹುಟ್ಟಬೇಕು. ಅವರು ‘ಧರ್ಮ’ ಎಂದು ನಿಲ್ಲಿಸಿದರೆ ನಾನು ‘ಧರ್ಮವೇ? ಯಾರ ಧರ್ಮ?’ ಎಂದು ಅಲ್ಲಿಂದಲೇ ಎತ್ತಿಕೊಳ್ಳುತ್ತೇನೆ. ಯೋಚಿಸಲು ಒಂದೆರಡು ಕ್ಷಣ ಸಿಗುತ್ತದೆ, ಇವನು ಕೇಳಿಸಿಕೊಂಡಿದ್ದಾನೆ ಎಂಬುದು ಸಭೆಗೂ ತಿಳಿಯುತ್ತದೆ. ಕೊನೆಯ ವಾಕ್ಯ ಗೊತ್ತಿರಲೇಬೇಕು, ಏಕೆಂದರೆ ಭಾಗವತರು ಜಾಗಟೆಗೆ ಕೈ ಹಾಕಿದರೆ ‘ಸಾಕು, ಮುಗಿಸು’ ಎಂದರ್ಥ.

ಹೆಸರಾಂತ ಅರ್ಥಧಾರಿ ಶೇಣಿ ಗೋಪಾಲಕೃಷ್ಣ ಭಟ್ಟರ (1918–2006) ಧ್ವನಿಮುದ್ರಣಗಳನ್ನು ಬಹಳ ಕೇಳಿದ್ದೇನೆ. ವಾಲಿ, ರಾವಣರಂಥವರ ಪಕ್ಷದಲ್ಲೂ ನ್ಯಾಯವಿದೆ ಎಂದು ಅವರು ವಾದದಲ್ಲೇ ಒಪ್ಪಿಸಿಬಿಡುತ್ತಿದ್ದರು. ಕೇಳಿ ರುಚಿ ಬೆಳೆಯುತ್ತದೆ, ನಿಜ. ಆದರೆ ಧ್ವನಿಮುದ್ರಣ ತಿರುಗಿ ಪ್ರಶ್ನೆ ಹಾಕುವುದಿಲ್ಲವಲ್ಲ! ಅದೇ ಪಾತ್ರವನ್ನು ಬೇರೆ ಬೇರೆಯವರ ಎದುರು ಕೂತು ಮಾಡದೆ ಮಾತು ಪಳಗದು. ಆಮೇಲೆ ಆಚೆ ಬದಿಯಲ್ಲಿ ಕೂತು ರಾಮನ ಅರ್ಥವನ್ನೂ ಹೇಳಬೇಕು. ಆಗ ತಿಳಿಯುತ್ತದೆ, ನಮ್ಮ ವಾಲಿ ಎಲ್ಲೆಲ್ಲಿ ಪೊಳ್ಳಾಗಿದ್ದ ಎಂದು.

ಇನ್ನೊಂದು ಸಂಗತಿಯನ್ನು ಯಾವ ಭಾಷಣದ ತರಗತಿಯೂ ಕಲಿಸಲಾರದೇನೋ. ವಾದದಲ್ಲಿ ಎಷ್ಟೇ ಮೇಲುಗೈಯಾದರೂ ಪ್ರಸಂಗದಲ್ಲಿ ವಾಲಿ ರಾಮನಿಗೆ ತಲೆಬಾಗಿಯೇ ಪ್ರಾಣ ಬಿಡಬೇಕು, ಪದ್ಯ ಇರುವುದೇ ಹಾಗೆ. ಸಿಟ್ಟಿನಿಂದ ಶರಣಾಗತಿಗೆ ಸಭೆ ನಂಬುವಂತೆ ಇಳಿಯಬೇಕು. ಗೆಲ್ಲುವ ಹುಮ್ಮಸ್ಸಿನಲ್ಲಿ ಇಳಿಯುವ ಮೆಟ್ಟಿಲನ್ನೇ ಕಡಿದುಕೊಂಡವರಿಂದ ಕೂಟ ಕೆಟ್ಟದ್ದನ್ನು ನೋಡಿದ್ದೇನೆ.

ಸಂಘದ ಸಭೆಯಲ್ಲಿ ನನಗೆ ಹೆಚ್ಚು ಉಪಯೋಗಕ್ಕೆ ಬಂದದ್ದು ಇದೇ. ಕೊಳೆರೋಗಕ್ಕೆ ಅಡಿಕೆಯೆಲ್ಲ ಉದುರಿದ ವರ್ಷ ಸದಸ್ಯರೊಬ್ಬರು ಎದ್ದು, ‘ಮರದಲ್ಲಿ ಅಡಿಕೆ ಇಲ್ಲ, ನಿಮ್ಮ ಬಡ್ಡಿ ಮಾತ್ರ ನಿಂತೇ ಇಲ್ಲ’ ಎಂದರು. ‘ನಿಂತಿಲ್ಲ, ನೀವು ಹೇಳಿದ್ದು ಸರಿ’ ಎಂದೇ ಶುರು ಮಾಡಿದೆ. ಸಭೆ ತುಸು ತಣಿಯಿತು, ಮರುಪಾವತಿಯ ಅವಧಿಯ ವಿಷಯವನ್ನು ಆಮೇಲೆ ವಿವರಿಸಿದೆ. ಆದರೆ ತಾಳಮದ್ದಳೆಯ ಉದ್ದ ಪೀಠಿಕೆಯನ್ನು ಅಲ್ಲಿಗೆ ಒಯ್ಯಬಾರದು. ಊಟದ ಹೊತ್ತಿಗೆ ಜಾಗಟೆ ಬಾರಿಸುವವರು ಅಲ್ಲಿ ಯಾರೂ ಇರುವುದಿಲ್ಲ.

ಕಲಿಯಬೇಕೆನ್ನುವವರು ಜೂನ್ ಕಳೆದ ಮೇಲೆ ಹತ್ತಿರದ ಯಾವುದಾದರೂ ಕೂಟಕ್ಕೆ ಹೋಗಿ ದೂತನ ಪಾತ್ರ ಕೊಡುತ್ತೀರಾ ಎಂದು ಕೇಳಿ ನೋಡಿ. ರಾಮ, ಕೃಷ್ಣರಿಗೆ ಜನ ಸಾಲುಗಟ್ಟಿರುತ್ತಾರೆ, ದೂತನಿಗೆ ಯಾವತ್ತೂ ಕೊರತೆ.