ಸೊಂಟಕ್ಕೆ ಬೈರಾಸು ಕಟ್ಟಿ ಕಲಿತ ಉಸಿರು

ಜಿಮ್ಮಿನಲ್ಲಿ ‘ಕೋರ್ (ಹೊಟ್ಟೆ, ಸೊಂಟದ ಸುತ್ತಲಿನ ಸ್ನಾಯುಗಳು) ಟೈಟ್ ಮಾಡಿ’ ಎಂದರೆ ಹೊಟ್ಟೆಯನ್ನು ಬೆನ್ನಿಗಂಟುವಂತೆ ಒಳಗೆಳೆಯುವುದು ಎಂದುಕೊಂಡಿದ್ದೆ. ಹಾಗೆ ಎಳೆದರೆ ಎದೆ, ಹೊಟ್ಟೆಯ ನಡುವಿನ ಉಸಿರಾಟದ ಸ್ನಾಯುವಾದ ವಪೆಗೆ ಕೆಳಗಿಳಿಯಲು ಜಾಗವಿಲ್ಲ. ಉಸಿರು ಎದೆಯಲ್ಲೇ ನಿಂತು ಹೆಗಲು ಮೇಲೇರುತ್ತದೆ. ಭಾರ ಎತ್ತುವಾಗ ಬೆನ್ನುಮೂಳೆಗೆ ಆಧಾರ ಹೊಟ್ಟೆಯೊಳಗಿನ ಒತ್ತಡ. ಹಾಗಾಗಿ ಮೊದಲು ಗಾಳಿ, ಆಮೇಲೆ ಬಿಗಿ.

ಇದನ್ನು ಹಿಡಿಯಲು ಜಿಮ್ಮಿನ ಕನ್ನಡಿಗಿಂತ ಬೈರಾಸು (ಮೈ ಒರೆಸುವ ಬಟ್ಟೆ) ವಾಸಿ. ಹೊಕ್ಕುಳಿನ ಮಟ್ಟಕ್ಕೆ, ಒಂದು ಬೆರಳು ತೂರುವಷ್ಟು ಸಡಿಲವಾಗಿ ಕಟ್ಟುತ್ತೇನೆ. ಅಂಗಾತ ಮಲಗಿ, ಮೊಣಕಾಲು ಮಡಚಿ, ಮೂಗಿನಿಂದ 4 ಎಣಿಸುವಷ್ಟು ಹೊತ್ತು ಉಸಿರೆಳೆಯುವುದು. ಬೈರಾಸು ಮುಂದೆ ಮಾತ್ರವಲ್ಲ, ಎರಡೂ ಪಕ್ಕ, ಹಿಂದೆ ಕೂಡ ಬಿಗಿಯಬೇಕು. ಬಿಸಿ ಗಂಜಿ ಊದಿ ಆರಿಸುವ ಹಾಗೆ ಬಾಯಿಂದ 6 ಎಣಿಕೆ ಬಿಟ್ಟರೆ ಪಕ್ಕೆಲುಬು ಕೆಳಗಿಳಿಯುತ್ತದೆ. ಆಗ ಮೆಲ್ಲಗೆ ಕೆಮ್ಮಿದರೆ ಸೊಂಟದ ಪಕ್ಕದಲ್ಲಿ ಯಾವುದು ಗಟ್ಟಿಯಾಗುತ್ತದೋ ಅದೇ ಬೇಕಾದ ಸ್ನಾಯು. ಆ ಬಿಗಿ ಬಿಡದೆ ಮುಂದಿನ ಉಸಿರು ಎಳೆಯುವುದೇ ಕಷ್ಟದ ಭಾಗ. 5 ಉಸಿರು, 2 ಸುತ್ತು ಸಾಕು.

ಹಿಂಬದಿಗೆ ಗಾಳಿ ಹೋಗದಿದ್ದರೆ ಮಕರಾಸನದಲ್ಲಿ ಬೋರಲು ಮಲಗಬೇಕು. ನೆಲ ಹೊಟ್ಟೆಯನ್ನು ತಡೆಯುವುದರಿಂದ ಸೊಂಟದ ಹಿಂಭಾಗ ತಾನಾಗಿ ಉಬ್ಬುತ್ತದೆ.

ಆಮೇಲೆ ಅಂಗಾತ ಮಲಗಿ ಕೈಕಾಲು ಮೇಲೆತ್ತಿ ಮಾಡುವ ಡೆಡ್ ಬಗ್, ಪ್ರತಿ ಬದಿಗೆ 6. ಎದುರುಬದುರು ಕೈಕಾಲು (ಬಲಗೈ ಜತೆ ಎಡಗಾಲು) ಚಾಚುವಾಗ ಉಸಿರು ಹೊರಗೆ. ಸೊಂಟದಡಿ ಅಂಗೈ ತೂರುವಷ್ಟು ಸಂದು ಬಿದ್ದರೆ ಕಾಲು ಅತಿಯಾಗಿ ಚಾಚಿದೆ ಎಂದರ್ಥ. ಮೊಣಕೈ, ಕಾಲ್ಬೆರಳ ಮೇಲೆ ಮೈಯನ್ನು ನೇರ ಹಿಡಿಯುವ ಪ್ಲ್ಯಾಂಕ್ 10 ಸೆಕೆಂಡಿನಂತೆ 5 ಸಲ. ಎರಡು ನಿಮಿಷ ನಡುಗುತ್ತಾ ನಿಲ್ಲುವುದು ಬರೀ ಹಟ.

ಬಿಗಿ ಎಷ್ಟಿರಬೇಕೆಂಬುದನ್ನು ಕೆಲಸ ಹೇಳುತ್ತದೆ. ಪಣಂಬೂರಿನ ಮರಳಲ್ಲಿ ನಡೆಯಲು ಏನೇನೂ ಬೇಡ. ಬಾವಿಯಿಂದ ಕೊಡಪಾನ ಸೇದುವಾಗ ಸ್ವಲ್ಪ, ಪ್ರತಿ ಎಳೆತಕ್ಕೆ ಉಸಿರು ಬಿಡುತ್ತಾ. ಭಾರದ ಸ್ಕ್ವಾಟ್‌ಗೆ ಮಾತ್ರ ಪೂರ್ತಿ: ನಿಂತಲ್ಲೇ ಗಾಳಿ ತುಂಬಿ, ಬಿಗಿದು, ಇಳಿದು, ಏಳುವಾಗಿನ ಕಷ್ಟದ ಜಾಗ ದಾಟಿದ ಮೇಲೆ ಬಿಡುವುದು. ಬಿ.ಪಿ., ಹರ್ನಿಯಾ ಇರುವವರು, ಗರ್ಭಿಣಿಯರು ಹೀಗೆ ಉಸಿರು ಕಟ್ಟಬಾರದು. ಹಗುರ ಭಾರ ಹಿಡಿದು, ಎತ್ತುವಾಗ ಉಸಿರು ಬಿಡಲಿ.

ಏಪ್ರಿಲ್-ಮೇ ತಿಂಗಳ ನಮ್ಮ ಕರಾವಳಿಯ ಸೆಕೆಯಲ್ಲಿ ಬೆವರು ಆರುವುದಿಲ್ಲ, ಎದೆಬಡಿತ ಬೇಗ ಏರಿ ಉಸಿರು ಬಾಯಿಗೆ ಬರುತ್ತದೆ. ಮೂಗಿಗೆ ಹಟ ಹಿಡಿಯದೆ ಸೆಟ್‌ಗಳ ನಡುವಿನ ವಿರಾಮವನ್ನು 60ರಿಂದ 90 ಸೆಕೆಂಡಿಗೆ ಏರಿಸುತ್ತೇನೆ. ಬೈರಾಸು ಈಗ ಕೊನೆಯ ಸೆಟ್‌ಗೆ ಮಾತ್ರ. ದಣಿದಾಗ ಮೊದಲು ಸಡಿಲವಾಗುವುದು ಪಕ್ಕಗಳೇ.