ಎಲೈ ಸಾರಥಿ, ನಾನೇ ತಗ್ಗುರಾಯ!

ಹುಬ್ಬಳ್ಳಿ-ಧಾರವಾಡದ ಆಗುಹೋಗುಗಳನ್ನು ಗೇಲಿ ಮಾಡುವ ಒಂದು ಪಾಡ್‌ಕಾಸ್ಟನ್ನು ನಾವು ಮೂವರು ನಡೆಸುತ್ತೇವೆ. ಬರೆಯುವವನು ನಾನು, ಹೊಟ್ಟೆಪಾಡಿಗೆ ಮುದ್ರಣಾಲಯವೊಂದರಲ್ಲಿ ಕರಡು ತಿದ್ದುತ್ತೇನೆ. ದನಿ ಕೊಡುವವನು ಗೆಳೆಯ, ಹೈಸ್ಕೂಲ್ ಮಾಸ್ತರ, ಊರ ಜಾತ್ರೆಗಳಲ್ಲಿ ದೊಡ್ಡಾಟದ, ಅಂದರೆ ನಮ್ಮ ಕಡೆಯ ಬಯಲಾಟದ, ಪಾರ್ಟು ಮಾಡಿ ಪಳಗಿದವನು. ಧ್ವನಿಮುದ್ರಣ, ಸಂಕಲನ ಮತ್ತು ಜಗಳ ನನ್ನ ಅಕ್ಕನ ಮಗಳದು. ತಾವೂ ಇಂಥದ್ದನ್ನು ಶುರು ಮಾಡಬೇಕೆಂದು ಕೇಳಿಕೊಂಡು ಬರುವವರು ಮೊದಲು ಯಾವ ಮೈಕ್ ಎನ್ನುತ್ತಾರೆ. ಮೈಕಿನ ಮಾತು ಕೊನೆಗೆ. ಮೊದಲು ಕೈಯಲ್ಲಿ ಕಾಗದವಿರಬೇಕು.

ಪುಢಾರಿಗಳ ದನಿ ಅನುಕರಿಸುವುದು ಸುಲಭ, ಮಾಸ್ತರನಿಗಂತೂ ಅದು ಎಡಗೈ ಆಟ. ಆದರೆ ಅವಳಿ ನಗರ ಎಷ್ಟೇ ಬೆಳೆದರೂ ಇಲ್ಲಿ ಎಲ್ಲರೂ ಎಲ್ಲರಿಗೂ ಏನೋ ಆಗಬೇಕು. 82 ವಾರ್ಡುಗಳಲ್ಲಿ ಯಾವ ವಾರ್ಡಿನ ಸದಸ್ಯರನ್ನು ಎತ್ತಿಕೊಂಡರೂ ಕೇಳುಗರಲ್ಲಿ ಅವರ ಬೀಗರು ಒಬ್ಬರು ಇದ್ದೇ ಇರುತ್ತಾರೆ. ಮನುಷ್ಯನನ್ನು ಗೇಲಿ ಮಾಡಿದರೆ ಕೇಳುವವನು ಮೊದಲು ಅವನ ಪಕ್ಷ ಯಾವುದು, ಜಾತಿ ಯಾವುದು ಎಂದು ನೋಡಿ ಆಮೇಲೆ ನಗಬೇಕೋ ಬೇಡವೋ ಎಂದು ತೀರ್ಮಾನಿಸುತ್ತಾನೆ. ಅದೇ ಒಂದು ಟೆಂಡರ್ ಪ್ರಕಟಣೆಯನ್ನು ಹಾಗೆಯೇ ಗಂಭೀರವಾಗಿ ಓದಿದರೆ ಎಲ್ಲ ಪಕ್ಷದವರೂ ನಗುತ್ತಾರೆ. ಅದನ್ನು ಬರೆದ ಗುಮಾಸ್ತರೂ ನಗುತ್ತಾರೆ, ಬಹುಶಃ ಎಲ್ಲರಿಗಿಂತ ಹೆಚ್ಚು.

ಕಾಗದ ಸಿಗುವುದು ಕಷ್ಟವಲ್ಲ. ಟೆಂಡರುಗಳು ಸರ್ಕಾರದ ಖರೀದಿ ಜಾಲತಾಣದಲ್ಲೇ ಇರುತ್ತವೆ. ಉಳಿದದ್ದಕ್ಕೆ 2005ರ ಮಾಹಿತಿ ಹಕ್ಕು ಕಾಯ್ದೆ ಇದೆ: 10 ರೂಪಾಯಿಯ ಪೋಸ್ಟಲ್ ಆರ್ಡರ್, 30 ದಿನದ ಕಾಯುವಿಕೆ. ಕರ್ನಾಟಕದ ನಿಯಮದಂತೆ ಅರ್ಜಿ ಒಂದೇ ವಿಷಯಕ್ಕೆ ಸೀಮಿತವಾಗಿ, ಸಾಮಾನ್ಯವಾಗಿ 150 ಪದಗಳೊಳಗೆ ಇರಬೇಕು. ಬಿಗಿಯಾಗಿ ಬರೆಯುವುದನ್ನು ನನಗೆ ಕಲಿಸಿದ್ದು ಈ ನಿಯಮವೇ ಹೊರತು ಯಾವ ಸಾಹಿತ್ಯ ಶಿಬಿರವೂ ಅಲ್ಲ. ಒಂದು ಕಚೇರಿಯಿಂದ "ತಾವು ಕೋರಿರುವ ಮಾಹಿತಿಯು ಈ ಕಚೇರಿಗೆ ಸಂಬಂಧಿಸಿರುವುದಿಲ್ಲ" ಎಂಬ ಉತ್ತರ ಬಂತು. ಸಂಬಂಧಿಸದಿದ್ದರೆ ಅರ್ಜಿಯನ್ನು 5 ದಿನದೊಳಗೆ ಸಂಬಂಧಪಟ್ಟವರಿಗೆ ವರ್ಗಾಯಿಸಬೇಕೆಂದು ಅದೇ ಕಾಯ್ದೆಯ 6(3)ನೇ ಕಲಮು ಹೇಳುತ್ತದೆ. ಉತ್ತರವನ್ನೂ ಕಲಮನ್ನೂ ಒಂದರ ಹಿಂದೊಂದು ಓದಿಸಿದೆವು. ನಡುವೆ ನಮ್ಮ ಮಾತು ಒಂದೂ ಇರಲಿಲ್ಲ, ಬೇಕಾಗಲೂ ಇಲ್ಲ.

ಆದರೆ ಬರೀ ಕಾಗದ ಓದಿದರೆ ಇಪ್ಪತ್ತು ನಿಮಿಷ ಯಾರೂ ಕೂರುವುದಿಲ್ಲ. ಒಂದು ಚೌಕಟ್ಟು ಬೇಕಿತ್ತು, ಅದು ಮಾಸ್ತರನ ಬಳಿ ಸಿದ್ಧವಾಗಿಯೇ ಇತ್ತು. ದೊಡ್ಡಾಟದಲ್ಲಿ ಯಾವ ಪಾತ್ರ ರಂಗಕ್ಕೆ ಬಂದರೂ ಸಾರಥಿ ಅಡ್ಡ ಬಂದು ಯಾರು, ಎತ್ತ, ಏಕೆ ಎಂದು ವಿಚಾರಿಸುತ್ತಾನೆ. ರಾಜನಾದರೂ ಅವನಿಗೆ ಉತ್ತರ ಕೊಟ್ಟೇ ಮುಂದೆ ಹೋಗಬೇಕು. ಪತ್ರಕರ್ತನಿಗೂ ಸಿಗದ ಈ ಅಧಿಕಾರವನ್ನು ನಾವು ಹಾಗೆಯೇ ಎತ್ತಿಕೊಂಡೆವು. ಪಾತ್ರಗಳು ಮಾತ್ರ ಮನುಷ್ಯರಲ್ಲ: ಕೆಟ್ಟ ಸಿಗ್ನಲ್ ಕಂಬ, ಅರ್ಧಕ್ಕೆ ನಿಂತ ಚರಂಡಿ, ವಾರಗಟ್ಟಲೆ ಗಾಳಿಯನ್ನಷ್ಟೇ ಉಗುಳಿದ ನಲ್ಲಿ. ಹೆಚ್ಚು ಹೆಸರು ಮಾಡಿದವನು ರಸ್ತೆಯ ತಗ್ಗು.

"ಭಲೇ! ನಡುರಸ್ತೆಯಲ್ಲಿ ಇಷ್ಟು ಠೀವಿಯಿಂದ ಒರಗಿರುವ ತಾವು ಯಾರು? ನಾಮಾಂಕಿತವೇನು?"

"ಎಲೈ ಸಾರಥಿ! ಮೂರು ಮಳೆಗಾಲಗಳನ್ನು ಕುಡಿದು, ಎರಡು ಟೆಂಡರುಗಳನ್ನು ನುಂಗಿ, ಚುನಾವಣೆಯ ಮುನ್ನಾದಿನ ಮುಚ್ಚಿಸಿಕೊಂಡು, ಫಲಿತಾಂಶದ ಮರುದಿನ ಬಾಯ್ದೆರೆದ ತಗ್ಗುರಾಯನೆಂಬುವವನು ನಾನೇ!"

"ಪ್ರಭೂ, ತಮ್ಮ ರಾಜ್ಯದ ವಿಸ್ತಾರವೆಷ್ಟು?"

"ಬೇಸಿಗೆಯಲ್ಲಿ ಒಂದು ಸೈಕಲ್ಲು, ಮಳೆಗಾಲದಲ್ಲಿ ಒಂದು ಟಂಟಂ!"

ಇದನ್ನು ಬರೆಯುವಾಗ ನಾನು ಹಾಕಿದ್ದ ಅರ್ಧದಷ್ಟು ಜೋಕುಗಳನ್ನು ಅಕ್ಕನ ಮಗಳು ಕಿತ್ತು ಹಾಕಿದಳು. "ಮಾಮಾ, ಇದು ನಿನ್ನ ಕಣ್ಣಿಗೆ ಚೆನ್ನಾಗಿದೆ, ನನ್ನ ಕಿವಿಗೆ ಅಲ್ಲ" ಎಂಬುದು ಅವಳ ತೀರ್ಪು, ಮೇಲ್ಮನವಿಗೆ ಅವಕಾಶವಿಲ್ಲ. ಮಾಸ್ತರನದು ಬೇರೆ ಶಿಸ್ತು. ತಗ್ಗುರಾಯನ ಮಾತನ್ನು ಅವನು ದುರ್ಯೋಧನನ ಗತ್ತಿನಲ್ಲೇ ಹೇಳುತ್ತಾನೆ. ದನಿಯಲ್ಲಿ ಎಲ್ಲಿಯಾದರೂ ನಗು ಇಣುಕಿತೋ, ಆ ಸಾಲನ್ನು ಮತ್ತೆ ಹೇಳಿಸುತ್ತೇವೆ. ಆಡುವವನೇ ನಕ್ಕುಬಿಟ್ಟರೆ ಕೇಳುವವನಿಗೆ ಏನು ಉಳಿಯಿತು? ಟಿವಿಯ ಹಾಸ್ಯ ಕಾರ್ಯಕ್ರಮಗಳು ನನಗೆ ರುಚಿಸದಿರುವುದು ಇದೇ ಕಾರಣಕ್ಕೆ. ಧಾರವಾಡ ಆಕಾಶವಾಣಿ ಶುರುವಾದದ್ದು 1950ರ ಜನವರಿಯಲ್ಲಿ; ರೇಡಿಯೋ ನಾಟಕ ಕೇಳಿ ಬೆಳೆದ ಹಿರಿಯರು ಈ ಭಾಗದಲ್ಲಿ ಇನ್ನೂ ಇದ್ದಾರೆ. ನಮ್ಮಲ್ಲಿ ಒಂದು ಉಚ್ಚಾರ ತಪ್ಪಿದರೆ ಮೊದಲು ಸಂದೇಶ ಬರುವುದು ಅವರಿಂದ.

ಊರಿನ ಹೆಮ್ಮೆಯೂ ಒಳ್ಳೆಯ ಸರಕು. ನಮ್ಮ ರೈಲು ನಿಲ್ದಾಣದ 1507 ಮೀಟರಿನ ಪ್ಲಾಟ್‌ಫಾರ್ಮ್ 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾಯಿತು, ಜಗತ್ತಿನಲ್ಲೇ ಅತಿ ಉದ್ದದ್ದು. ಬೋಗಿ ಆ ತುದಿಯಲ್ಲಿದೆ ಎಂದು ತಿಳಿದ ಅಜ್ಜಿಯೊಬ್ಬಳು ದಾರಿಬುತ್ತಿಯಾಗಿ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ಪ್ಲಾಟ್‌ಫಾರ್ಮಿನ ಮೇಲೆ ಪ್ರಯಾಣ ಹೊರಡುವ ಕಂತನ್ನು ಮಾಡಿದೆವು. ರೈಲ್ವೆಯವರೇ ಅದನ್ನು ತಮ್ಮ ತಮ್ಮಲ್ಲಿ ಹಂಚಿಕೊಂಡರು.

ಮಹದಾಯಿ ನದಿ ನೀರಿನ ವ್ಯಾಜ್ಯ ಮಾತ್ರ ಹಗುರವಾಗಿ ಮುಟ್ಟುವ ವಿಷಯವಲ್ಲ. ನರಗುಂದ, ನವಲಗುಂದದ ರೈತರು ಇದಕ್ಕಾಗಿ ವರ್ಷಗಟ್ಟಲೆ ಧರಣಿ ಕುಳಿತವರು. 2010ರಲ್ಲಿ ರಚನೆಯಾದ ನ್ಯಾಯಮಂಡಳಿ 2018ರ ಆಗಸ್ಟ್‌ನಲ್ಲಿ ಕರ್ನಾಟಕಕ್ಕೆ 13.42 ಟಿಎಂಸಿ ನೀರು ಹಂಚಿತು. ಕಳಸಾ-ಬಂಡೂರಿ ನಾಲೆಯ ನೀರು ಮಾತ್ರ ಮಲಪ್ರಭೆಗೆ ಬರಲಿಲ್ಲ. ರೈತನನ್ನು ನಗೆಪಾಟಲು ಮಾಡದೆ ಇದನ್ನು ಹೇಳುವುದು ಹೇಗೆ? ಕೊನೆಗೆ ಅದನ್ನು ಬೀಗರ ಮಾತುಕತೆಯಾಗಿ ಬರೆದೆ. ಕರ್ನಾಟಕ, ಗೋವಾ, ಮಹಾರಾಷ್ಟ್ರ ಮೂರು ರಾಜ್ಯಗಳು ಮೂರು ಮನೆತನಗಳು, ಕೇಂದ್ರ ಸರ್ಕಾರ ಪೌರೋಹಿತ್ಯಕ್ಕೆ ಒಪ್ಪಿಕೊಂಡು ಪಂಚಾಂಗ ಮರೆತು ಬಂದ ಭಟ್ಟರು. ಪ್ರತಿ ಚುನಾವಣೆಗೂ ನಿಶ್ಚಿತಾರ್ಥ, ಮದುವೆ ಮಾತ್ರ ಮುಂದಿನ ಚೈತ್ರಕ್ಕೆ. ರೈತ ಅದರಲ್ಲಿ ಎಲ್ಲೂ ಮಾತನಾಡುವುದಿಲ್ಲ, ಮೊದಲಿನಿಂದ ಕೊನೆಯವರೆಗೆ ಪಂಕ್ತಿಗೆ ಎಲೆ ಹಾಕುತ್ತಿರುತ್ತಾನೆ, ಅಷ್ಟೇ. ನಾನು ಬರೆದದ್ದರಲ್ಲಿ ನನಗೆ ಒಪ್ಪಿಗೆಯಾದ ಕಂತು ಇದೊಂದೇ.

ಕಾನೂನಿನ ಭಯವಿಲ್ಲವೇ ಎನ್ನುತ್ತಾರೆ. ಇದೆ. 2024ರ ಜುಲೈ 1ರಿಂದ ಮಾನನಷ್ಟವು ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಮಿಗೆ ಬಂದಿದೆ. ಸಾರ್ವಜನಿಕ ಹಿತಕ್ಕಾಗಿ ಆಡಿದ ಸತ್ಯಕ್ಕೂ, ಸರ್ಕಾರಿ ನೌಕರನ ಸಾರ್ವಜನಿಕ ನಡವಳಿಕೆಯ ಬಗ್ಗೆ ಪ್ರಾಮಾಣಿಕವಾಗಿ ಹೇಳಿದ ಅಭಿಪ್ರಾಯಕ್ಕೂ ಅದರಲ್ಲಿ ವಿನಾಯಿತಿ ಇದೆ. ಹಾಗೆಂದು ಕೋರ್ಟಿನ ಮೆಟ್ಟಿಲು ಹತ್ತುವುದು ತಪ್ಪುತ್ತದೆ ಎಂದಲ್ಲ. ಆದ್ದರಿಂದ ಪ್ರತಿ ಕಂತಿನ ಕಾಗದಗಳನ್ನು ಬೇರೆ ಬೇರೆ ಕಡತದಲ್ಲಿ ಕಟ್ಟಿಡುತ್ತೇವೆ. ಹೊಸ ಕಲಮಿನಲ್ಲಿ ಶಿಕ್ಷೆಯಾಗಿ ಸಮುದಾಯ ಸೇವೆಯನ್ನೂ ಸೇರಿಸಿದ್ದಾರೆ. ವಿಧಿಸಿದರೆ ತಗ್ಗು ಮುಚ್ಚುವ ಕೆಲಸವನ್ನೇ ಕೊಡಲಿ ಎಂಬುದು ಮಾಸ್ತರನ ಪ್ರಾರ್ಥನೆ. ಜಾತಿ, ಮಠ, ಯಾರದೇ ಮನೆಯ ಹೆಣ್ಣುಮಕ್ಕಳು ನಮ್ಮ ಆಟಕ್ಕೆ ಬರುವುದಿಲ್ಲ. ಇದನ್ನು ಹೇಡಿತನ ಎಂದವರಿದ್ದಾರೆ. ಎನ್ನಲಿ.

ಇನ್ನು ಮೈಕು. ಕಂಡೆನ್ಸರ್ ಬೇಡ, ಅದು ಬೀದಿಯ ಹಾರ್ನು, ಪಕ್ಕದ ಮನೆಯ ಕುಕ್ಕರು, ಹೋಳಿಯ ಹಲಗಿ ಎಲ್ಲವನ್ನೂ ಹಿಡಿದು ತರುತ್ತದೆ. ಡೈನಾಮಿಕ್ ಮೈಕನ್ನು ಬಾಯಿಂದ ಒಂದು ಗೇಣು ದೂರಕ್ಕೂ ಬಿಡದೆ ಹಿಡಿದರೆ ಸಾಕು. ಗೋಡೆಗಳ ಪ್ರತಿಧ್ವನಿಗೆ ನಾವು ಅಜ್ಜಿ ಹೊಲಿದ ಕೌದಿಗಳನ್ನು ಸುತ್ತಲೂ ತೂಗುಹಾಕಿದ್ದೇವೆ, ದುಡ್ಡು ಕೊಟ್ಟು ತರುವ ಫೋಮಿಗಿಂತ ಅವು ವಾಸಿ. ಬೇಸಿಗೆಯಲ್ಲಿ ಫ್ಯಾನ್ ಆರಿಸಿ ಆ ಕೌದಿಗಳ ನಡುವೆ ಕುಳಿತಾಗ ದುರ್ಯೋಧನನಿಗೆ ವೈಶಂಪಾಯನ ಸರೋವರದ ನೆನಪಾಗುತ್ತದೆ. ಮಾನೋದಲ್ಲಿ, ಅಂದರೆ ಒಂದೇ ಚಾನೆಲ್ಲಿನಲ್ಲಿ, 64 ಕೆಬಿಪಿಎಸ್ ದರದಲ್ಲಿ ಉಳಿಸಿದರೆ 20 ನಿಮಿಷದ ಕಂತು 10 ಎಂಬಿಯ ಒಳಗೇ ಇರುತ್ತದೆ, ವಾಟ್ಸ್‌ಆ್ಯಪ್‌ನಲ್ಲಿ ತಾನಾಗಿಯೇ ಊರು ಸುತ್ತುತ್ತದೆ. ಹೆಚ್ಚಿನವರು ಕೇಳುವುದು ಹುಬ್ಬಳ್ಳಿ-ಧಾರವಾಡದ ನಡುವೆ ಓಡುವ ಚಿಗರಿ ಬಸ್ಸಿನಲ್ಲಿ. ಆದ್ದರಿಂದ ಪಿಸುಮಾತು ಬಸ್ಸಿನ ಸದ್ದಿನಲ್ಲಿ ಕಳೆದುಹೋಗದಂತೆ ದನಿಯ ಏರಿಳಿತವನ್ನು ತುಸು ಹೆಚ್ಚೇ ಸಮಮಾಡುತ್ತೇವೆ. ಹುಬ್ಬಳ್ಳಿಯಲ್ಲಿ ಹತ್ತಿದವರು ನವನಗರ ದಾಟುವಷ್ಟರಲ್ಲಿ ಕಂತು ಮುಗಿಯಬೇಕು, ಇದು ನಮ್ಮ ಅಳತೆ.

ಗುತ್ತಿಗೆದಾರರ ಜಾಹೀರಾತು ತೆಗೆದುಕೊಳ್ಳುವುದಿಲ್ಲ, ಉಳಿದವರು ಕೊಟ್ಟಿಲ್ಲ. ಆದಾಯದ ಅಧ್ಯಾಯ ಅಲ್ಲಿಗೆ ಮುಗಿಯಿತು.

ಗದಗ, ಹಾವೇರಿಯ ಕೇಳುಗರು ತಮ್ಮ ಊರನ್ನು ಯಾವಾಗ ಎತ್ತಿಕೊಳ್ಳುತ್ತೀರಿ ಎಂದು ಕೇಳುತ್ತಲೇ ಇರುತ್ತಾರೆ. ಕೇಳಿದವರಿಗೆಲ್ಲ ನನ್ನದು ಒಂದೇ ಉತ್ತರ: ಸಿಟ್ಟು ಬೇಡ, ಕಾಗದ ಕಳಿಸಿ. ಮೊನ್ನೆ ಒಬ್ಬರು ಉದ್ಯಾನದ ಬೆಂಚುಗಳ ಖರೀದಿಯ ಟಿಪ್ಪಣಿಯನ್ನು ಕಳಿಸಿದ್ದಾರೆ. ಉದ್ಯಾನ ಇನ್ನೂ ಆಗಿಲ್ಲ. ಬೆಂಚಿಗೆ ದೊಡ್ಡಾಟದಲ್ಲಿ ಯಾವ ಕಿರೀಟ ಹಾಕುವುದೆಂದು ಮಾಸ್ತರನೂ ಅಕ್ಕನ ಮಗಳೂ ಈಗ ಜಗಳವಾಡುತ್ತಿದ್ದಾರೆ. ಪಾಡ್‌ಕಾಸ್ಟಿನಲ್ಲಿ ಕಿರೀಟ ಯಾರಿಗೂ ಕಾಣುವುದಿಲ್ಲ ಎಂದರೆ ಇಬ್ಬರೂ ಕೇಳಿಸಿಕೊಳ್ಳುತ್ತಿಲ್ಲ.