ಪೊದೆಯಿಂದ ಬಾಣ ಬಂದಾಗ ಮೊದಲ ಸರದಿ ಯಾರದು?

ಕಕ್ಕಡ ತಿಂಗಳ ಮಳೆಗೆ ಮಡಿಕೇರಿಯಲ್ಲಿ ಶಾಲೆಗೆ ರಜೆ ಕೊಟ್ಟರೆ ನಮ್ಮ ಮನೆಯ ಊಟದ ಮೇಜು ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟಕ್ಕೆ ಮೀಸಲು. ಕಥೆ ನಡೆಸುವ ಮಾಸ್ಟರ್ ನಾನು. ಅಕ್ಕನ ಇಬ್ಬರು ಮಕ್ಕಳು, ಅವರ ಇಬ್ಬರು ಗೆಳೆಯರು ಆಟಗಾರರು. 1974ರಲ್ಲಿ ಅಮೆರಿಕದಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಹೊರತಂದ, ಒಬ್ಬೊಬ್ಬರೂ ಒಂದು ಪಾತ್ರವಾಗಿ ದಾಳ ಹಾಕುತ್ತ ಕಥೆ ಕಟ್ಟುವ ಆಟ ಇದು. ಅಲೆದಾಟ, ಮಾತುಕತೆ ಎಲ್ಲ ಸಲೀಸಾಗಿ ಸಾಗುತ್ತದೆ. ಜಗಳ ಹತ್ತುವುದು ಕಾಳಗ ಶುರುವಾಗುವ ಗಳಿಗೆಯಲ್ಲಿ. "ಮಾವ, ನಾನು ಆಗ್ಲೇ ಬಾಣ ಬಿಟ್ಟೆ!" ಅಂತ ಒಬ್ಬ. "ಅವನಿಗಿಂತ ಮೊದ್ಲು ನಾನು ಹೇಳಿದ್ದು" ಅಂತ ಇನ್ನೊಬ್ಬಳು. ಜೋರಾಗಿ ಕೂಗಿದವರಿಗೆ ಮೊದಲ ಏಟು ಸಿಕ್ಕಿದರೆ ಮೆತ್ತಗೆ ಮಾತಾಡುವ ಮಗು ಆಟವನ್ನೇ ಬಿಡುತ್ತದೆ. ಹಾಗಾಗದಂತೆ ತಡೆಯುವುದು ಇನಿಶಿಯೇಟಿವ್ (ಯಾರ ಸರದಿ ಯಾವಾಗ) ಮತ್ತು ಸರ್ಪ್ರೈಸ್ (ಹೊಂಚು ಕಾಣದೆ ಬೆಚ್ಚಿಬಿದ್ದವರು ಯಾರು) ನಿಯಮಗಳು.

ಆಟಕ್ಕೆ ಕೂರುವ ಮೊದಲೇ ಪ್ರತಿ ಪಾತ್ರದ ಪ್ಯಾಸಿವ್ ಪರ್ಸೆಪ್ಷನ್ ಅಂಕವನ್ನು, ಅಂದರೆ ದಾಳ ಹಾಕದೆಯೇ ಸುತ್ತಲಿನದನ್ನು ಗಮನಿಸುವ ಅಂಕವನ್ನು, ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಹತ್ತಕ್ಕೆ ಆ ಪಾತ್ರದ ಗಮನಶಕ್ತಿಯ ಅಂಕ ಕೂಡಿಸಿದರೆ ಅದು ಬರುತ್ತದೆ. ಈ ಚೀಟಿ ಮುಖ್ಯ. ದಾರಿಯಲ್ಲಿ "ಎಲ್ಲರೂ ದಾಳ ಹಾಕಿ" ಎಂದರೆ ಏನೋ ಅಡಗಿದೆ ಎಂದು ಮಕ್ಕಳಿಗೆ ಗೊತ್ತಾಗಿಬಿಡುತ್ತದೆ.

ಈಗ ಕಳೆದ ವಾರದ ಕಾಳಗವನ್ನೇ ನೋಡಿ. ಕಾಫಿ ತೋಟದ ಅಂಚಿನ ಲಂಟಾನ ಪೊದೆಯಲ್ಲಿ ಕುಳ್ಳ ರಾಕ್ಷಸರಾದ ಮೂರು ಗಾಬ್ಲಿನ್‌ಗಳನ್ನು ಕೂರಿಸಿದ್ದೆ. ಅಡಗುವವರು ಇಪ್ಪತ್ತು ಮುಖದ ದಾಳ ಹಾಕಿ ಸ್ಟೆಲ್ತ್ (ಅಡಗುವ ಜಾಣ್ಮೆ) ಅಂಕ ಕೂಡಿಸಬೇಕು. ಆ ಮೊತ್ತ ಚೀಟಿಯ ಅಂಕಕ್ಕಿಂತ ಹೆಚ್ಚಿದ್ದರೆ ಅವರು ಕಾಣುವುದಿಲ್ಲ. ಗಾಬ್ಲಿನ್‌ಗೆ ಅದು 6. ದಾಳ 4, 9, 13 ಬಿತ್ತು. ಒಟ್ಟು 10, 15, 19. ಚೀಟಿಯಲ್ಲಿ ಮಕ್ಕಳ ಪಾತ್ರಗಳ ಪೈಕಿ ಕಳ್ಳಿಗೆ (ಹೆಣ್ಣು ಕಳ್ಳ) 16, ಬೇಟೆಗಾರನಿಗೆ 14, ಪೂಜಾರಿಗೆ 13, ಮಾಂತ್ರಿಕನಿಗೆ 9. ಒಬ್ಬ ಶತ್ರು ಕಣ್ಣಿಗೆ ಬಿದ್ದರೂ ಸಾಕು, ಆ ಪಾತ್ರ ಬೆಚ್ಚಿಬೀಳುವುದಿಲ್ಲ. ಹಾಗಾಗಿ ಲೆಕ್ಕಕ್ಕೆ ಬರುವುದು ಸರಿಯಾಗಿ ಅಡಗದವನ 10. ಬಿಸಿಲಿದ್ದಿದ್ದರೆ ಮಾಂತ್ರಿಕ ಒಬ್ಬನೇ ಬೆಚ್ಚಿಬೀಳುತ್ತಿದ್ದ.

ಆದರೆ ಕಥೆಯಲ್ಲೂ ಮಳೆ ಸುರಿಯುತ್ತಿತ್ತು. ಜಡಿಮಳೆಯಲ್ಲಿ ನೋಡುವುದೂ ಕೇಳುವುದೂ ಕಷ್ಟ. ಪ್ಯಾಸಿವ್ ಅಂಕದಿಂದ 5 ಕಳೆಯಬೇಕು. ಉಳಿದದ್ದು 11, 9, 8, 4. ಕಳ್ಳಿಗೆ ಮಾತ್ರ ಎಲೆ ಅಲುಗಿದ್ದು ಕಂಡಿತು. ತೋಟದಲ್ಲಿ ಆನೆ ಇರುವಾಗ ನಡೆಯುವುದೂ ಹೀಗೆಯೇ: ಬೈನೆ ಮರ ಮುರಿದ ಸದ್ದು ಕೇಳಿದವರು ಆಗಲೇ ನಿಂತಿರುತ್ತಾರೆ, ಪಕ್ಕದಲ್ಲೇ ನಡೆಯುತ್ತಿದ್ದವರಿಗೆ ಏನೂ ತಿಳಿದಿರುವುದಿಲ್ಲ. ಸರ್ಪ್ರೈಸನ್ನು ಇಡೀ ಗುಂಪಿಗೆ ಹಚ್ಚಬೇಡಿ, ಒಬ್ಬೊಬ್ಬರಿಗೇ ನೋಡಿ.

ಆಮೇಲೆ ಇನಿಶಿಯೇಟಿವ್. ಬೆಚ್ಚಿಬಿದ್ದವರೂ ಸೇರಿ ಎಲ್ಲರೂ ದಾಳ ಹಾಕಿ ಚುರುಕುತನದ, ಅಂದರೆ ಡೆಕ್ಸ್‌ಟೆರಿಟಿ ಅಂಕ ಕೂಡಿಸಬೇಕು. ಒಂದೇ ಜಾತಿಯ ಶತ್ರುಗಳಿಗೆಲ್ಲ ಸೇರಿ ಮಾಸ್ಟರ್ ಒಮ್ಮೆ ಹಾಕಿದರೆ ಸಾಕು. ಇದು ಮುಗಿಯುವವರೆಗೆ ಒಂದೂ ಬಾಣ ಹಾರಬಾರದು. ಹೆಚ್ಚಿನವರು ಎಡವುವುದು ಇಲ್ಲಿಯೇ: ಮೊದಲು ಬಾಣ ಬಿಡಿಸಿ, ಆಮೇಲೆ ದಾಳ ಹಾಕಿಸುತ್ತಾರೆ. ಹೊಂಚು ಹಾಕಿದವನಿಗೆ ಆಗ ಎರಡು ಸಲ ಹೊಡೆಯುವ ಅವಕಾಶ ಸಿಗಬಹುದು. ಇಬ್ಬರಿಗೆ ಒಂದೇ ಅಂಕ ಬಂದರೆ ಆಟಗಾರರು ತಮ್ಮೊಳಗೇ ತೀರ್ಮಾನಿಸಲಿ. ಶತ್ರುವಿನ ಜೊತೆ ಸಮವಾದರೆ ತೀರ್ಪು ಮಾಸ್ಟರನದು.

ನಮಗೆ ಬಂದ ಕ್ರಮ: ಮಾಂತ್ರಿಕ 19, ಗಾಬ್ಲಿನ್ 14, ಕಳ್ಳಿ 12, ಪೂಜಾರಿ 9, ಬೇಟೆಗಾರ 7. ಆಟದ 2014ರ ನಿಯಮಪುಸ್ತಕದಂತೆ ಬೆಚ್ಚಿಬಿದ್ದವರು ತಮ್ಮ ಮೊದಲ ಸರದಿಯಲ್ಲಿ ಕದಲುವಂತಿಲ್ಲ, ಏನೂ ಮಾಡುವಂತಿಲ್ಲ. ಆ ಸರದಿ ಮುಗಿಯುವತನಕ ಪ್ರತಿಕ್ರಿಯೆಯೂ (ಬೇರೆಯವರ ಸರದಿಯಲ್ಲಿ ಥಟ್ಟನೆ ಮಾಡುವ ಕೆಲಸ) ಇಲ್ಲ. ಮಾಂತ್ರಿಕನಾಗಿದ್ದ ಅಳಿಯ "19 ಬಂದೂ ದಂಡ" ಅಂತ ಮುಖ ಸಪ್ಪೆ ಮಾಡಿದ. ದಂಡವಲ್ಲ. ಅವನ ಸರದಿ ಖಾಲಿ ಹೋಯಿತು ನಿಜ, ಆದರೆ ಅಲ್ಲಿಗೆ ಬೆಚ್ಚೂ ಮುಗಿಯಿತು. 14ರಲ್ಲಿ ಗಾಬ್ಲಿನ್ ಬಾಣ ಬಂದಾಗ ಅವನು ಪ್ರತಿಕ್ರಿಯೆಯಾಗಿ ಶೀಲ್ಡ್ ಮಂತ್ರ ಹೇಳಿದ, ರಕ್ಷಣೆಗೆ 5 ಸೇರಿತು, ಬಾಣ ಪಕ್ಕಕ್ಕೆ ಹೋಯಿತು. ಅವನು ಕುರ್ಚಿಯಿಂದ ಎದ್ದು ನಿಂತಿದ್ದು ಇನ್ನೂ ಕಣ್ಣಮುಂದಿದೆ. 7ರಲ್ಲಿದ್ದ ಬೇಟೆಗಾರನಿಗೆ ಆ ಭಾಗ್ಯವಿರಲಿಲ್ಲ.

2024ರ ಪುಸ್ತಕದಲ್ಲಿ ಇದು ಹಗುರವಾಗಿದೆ. ಬೆಚ್ಚಿಬಿದ್ದವರು ಇನಿಶಿಯೇಟಿವ್‌ಗೆ ಎರಡು ದಾಳ ಹಾಕಿ ಕಡಿಮೆಯದನ್ನು ಇಟ್ಟುಕೊಳ್ಳುತ್ತಾರೆ, ಅಷ್ಟೇ. ಸರದಿ ಯಾರಿಗೂ ತಪ್ಪದು. ಹೊಸಬರಿದ್ದರೆ ಇದನ್ನೇ ಆಡಿಸಿ. ಮೊದಲ ದಿನವೇ ಮಗುವೊಂದನ್ನು ಸುಮ್ಮನೆ ಕೂರಿಸುವುದು ನನಗೆ ಸರಿ ಕಾಣುವುದಿಲ್ಲ. ಪಳಗಿದವರಿಗೆ ಮಾತ್ರ ಹಳೆಯದೇ ಹೆಚ್ಚು ರೋಚಕ.

ಕ್ರಮ ಮರೆಯದಿರಲು ಬಟ್ಟೆ ಕ್ಲಿಪ್‌ಗಳ ಮೇಲೆ ಹೆಸರು ಬರೆದು ರಟ್ಟಿನ ಅಂಚಿಗೆ ಸಿಕ್ಕಿಸಿ. ಕರೆಂಟ್ ಹೋದರೂ ಮೇಣದಬತ್ತಿ ಬೆಳಕಲ್ಲಿ ಕಾಣುತ್ತದೆ. ಕೊನೆಯ ಕ್ಲಿಪ್ ಮುಟ್ಟಿದರೆ ಒಂದು ಸುತ್ತು, ಕಥೆಯಲ್ಲಿ ಆರು ಸೆಕೆಂಡ್. ಮತ್ತೆ ದಾಳ ಬೇಡ, ಅದೇ ಕ್ರಮದಲ್ಲಿ ಮೊದಲ ಕ್ಲಿಪ್‌ಗೆ ಬನ್ನಿ.